ಇಳಿಸಿದ ಶ್ರುತಿ

ನನ್ನ ಅಳಿಯ ಕಿರುಚ್ತಾನೆ. ಹೊಟ್ಟೆಗೂ ಅದೇ, ಹುಚ್ಚಿಗೂ ಅದೇ. ಬೆಳಗ್ಗೆ ಸಗಟು ತರಕಾರಿ ಮಾರುಕಟ್ಟೆಯಲ್ಲಿ ಮರದ ಪೆಟ್ಟಿಗೆ ಮೇಲೆ ನಿಂತು ಈರುಳ್ಳಿ, ಆಲೂಗಡ್ಡೆ ಹರಾಜು ಕೂಗ್ತಾನೆ. ಸಂಜೆ ಮನೆಗೆ ಬಂದು ಹೆವಿ ಮೆಟಲ್ ಕೂಗ್ತಾನೆ. ಇಂಥವನಿಗೆ ಹೇಗೆ ಮಗಳನ್ನ ಕೊಟ್ಟಿರಿ ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ. ನಾನೆಲ್ಲಿ ಕೊಟ್ಟೆ? ಅವಳೇ ಎದ್ದು ಹೋದಳು, ವಾಪಸ್ ಬರುವಾಗ ಇವನನ್ನೂ ಜೊತೆಗೆ ಕರ್ಕೊಂಡು ಬಂದಳು.

"ಅದು ಕಿರುಚೋದಲ್ಲ ಅಜ್ಜಿ, ಏರು ದನಿ," ಅಂತಾಳೆ ಮೊಮ್ಮಗಳು.

"ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು," ಅಂತೀನಿ ನಾನು.

ಹರೆಯದಲ್ಲಿ ಅವನದೊಂದು ತಂಡ ಇತ್ತು. ಗಿಟಾರಿಗೆ ಒಬ್ಬ ಬಡಗಿ, ಡ್ರಮ್ಮಿಗೆ ಟೈರು ರಿಪೇರಿಯವನು, ದಪ್ಪ ತಂತಿಯ ಬೇಸ್ ಗಿಟಾರಿಗೆ ಇನ್ನೊಬ್ಬ, ಹಾಡೋಕೆ ನನ್ನ ಅಳಿಯ. ಒಂದೇ ಒಂದು ಕ್ಯಾಸೆಟ್ ಮಾಡಿದರು. ಅದರ ತುಂಬ ಕತ್ತಿ, ಕುದುರೆ, ಉಕ್ಕು, ಬೆಂಕಿ. ಈರುಳ್ಳಿ ಕೂಗೋನಿಗೆ ಕುದುರೆ ಎಲ್ಲಿಂದ ಬಂತಪ್ಪ ಅಂತ ಕೇಳಿದರೆ, "ಅತ್ತೆ, ಈರುಳ್ಳಿ ಮೇಲೆ ಹಾಡು ಕಟ್ಟಿದ್ರೆ ಯಾರು ಕೇಳ್ತಾರೆ?" ಅಂತ ನಗೋನು. ಆಮೇಲೆ ಮದುವೆ, ಮಗು, ಮನೆ. ತಂಡ ಚದುರಿಹೋಯ್ತು. ಬೇಸ್ ಹಿಡಿದಿದ್ದವನು ತೀರಿಕೊಂಡ. ಅವನ ಗಿಟಾರು ನಮ್ಮ ಮನೆಯಲ್ಲಿ ಉಳಿಯಿತು, ಅದನ್ನ ಮೊಮ್ಮಗಳು ಎತ್ತಿಕೊಂಡಳು. ಅವಳಿಗೆ ಬೇಕರಿಯಲ್ಲಿ ಕೆಲಸ. ಮುಂಜಾನೆ ಹಿಟ್ಟು ನಾದುವ ಕೈ, ಸಂಜೆ ತಂತಿ ನಾದುತ್ತೆ.

ಇದೆಲ್ಲ ಹೀಗೇ ನಡ್ಕೊಂಡು ಹೋಗಬಹುದಿತ್ತು. ಆದರೆ ಒಂದು ದಿನ ರೆಕಾರ್ಡ್ ಅಂಗಡಿಯವಳೊಬ್ಬಳು ಮನೆ ಬಾಗಿಲಿಗೆ ಬಂದಳು. ಅರ್ಧ ತಲೆ ಬೋಳಿಸಿಕೊಂಡು, ಅರ್ಧ ಜಡೆ ಬಿಟ್ಟುಕೊಂಡ ಹುಡುಗಿ. ಹಳೇ ಕ್ಯಾಸೆಟ್ ಎಲ್ಲೋ ಗುಜರಿಯಲ್ಲಿ ಸಿಕ್ಕಿತಂತೆ. ಅದನ್ನ ಮತ್ತೆ ರೆಕಾರ್ಡು ಮಾಡಿ ಮಾರ್ತೀನಿ, ದೊಡ್ಡ ಹಾಲ್ ಗೊತ್ತು ಮಾಡ್ತೀನಿ, ಹಳಬರೆಲ್ಲ ಸೇರಿ ಒಂದು ಸಂಜೆ ಹಾಡಬೇಕು ಅಂದಳು.

"ಇದನ್ನೆಲ್ಲ ಈಗ ಯಾರಮ್ಮ ಕೇಳ್ತಾರೆ?" ಅಂದೆ ನಾನು.

"ಅಜ್ಜಿ, ನಾನು ಹುಟ್ಟೋಕೆ ಮುಂಚಿನ ಹಾಡು ಇದು. ನನಗೆ ಪೂರ್ತಿ ಬಾಯಿಪಾಠ. ನನ್ನ ಹಾಗೆ ನೂರಾರು ಜನ ಇದಾರೆ."

ಬುರುಡೆ ಅಂದುಕೊಂಡೆ. ಬುರುಡೆ ಅಲ್ಲ. ನಾನು ಸಮವಸ್ತ್ರ ಹೊಲಿಯೋ ಕಾರ್ಖಾನೆಯಲ್ಲಿ ಆಯಸ್ಸು ಸವೆಸಿದವಳು, ಈಗಲೂ ಮುಂದಿನ ಕೋಣೆಯಲ್ಲಿ ಮೆಷಿನ್ ಇದೆ. ಸುದ್ದಿ ಹರಡಿದ್ದೇ ತಡ, ಹುಡುಗ ಹುಡುಗಿಯರು ತೋಳಿಲ್ಲದ ಜೀನ್ಸ್ ಜಾಕೆಟ್ ಹಿಡ್ಕೊಂಡು ಬರೋಕೆ ಶುರು ಮಾಡಿದರು. ಬೆನ್ನಿಗೆ ತಂಡದ ಬಟ್ಟೆ ಬಿಲ್ಲೆ ಹೊಲಿದು ಕೊಡಬೇಕಂತೆ. ಬಿಲ್ಲೆಯಲ್ಲಿ ಬುರುಡೆ, ಕತ್ತಿ, ರೆಕ್ಕೆ ಬಂದ ಕುದುರೆ. "ಅಜ್ಜಿ, ಬುರುಡೆ ನೆಟ್ಟಗೆ ಬರ್ಲಿ" ಅಂತ ಬೇರೆ ಹೇಳೋರು. ಹೆಣ ಹೊರುವ ಗಾಡಿ ಓಡಿಸುವವನೊಬ್ಬ, ದಾದಿ ಕೆಲಸದವಳೊಬ್ಬಳು, ಸ್ಕೂಲು ಮೇಷ್ಟ್ರೊಬ್ಬ. ಒಬ್ಬೊಬ್ಬರೂ ಅದೆಷ್ಟು ಮರ್ಯಾದಸ್ಥರು ಗೊತ್ತಾ? ಚಪ್ಪಲಿ ಹೊರಗೆ ಬಿಟ್ಟು ಬರೋರು, ಕೊಟ್ಟ ಚಹಾ ಕುಡಿದು ಲೋಟ ತೊಳೆದಿಟ್ಟು ಹೋಗೋರು. ಮೇಷ್ಟ್ರನ್ನ ಕೇಳಿದೆ, "ಇದರಲ್ಲಿ ಏನಪ್ಪ ಸಿಗುತ್ತೆ ನಿನಗೆ?"

"ದಿನವೆಲ್ಲ ಯಾರ್ಯಾರಿಗೋ 'ಆಗಲಿ ಸಾರ್' ಅಂತ ಇರ್ತೀನಿ ಅಜ್ಜಿ. ಇದನ್ನ ಹಾಕಿದ್ರೆ ಬೆನ್ನು ನೆಟ್ಟಗಾಗುತ್ತೆ. ನಮ್ಮಪ್ಪನಿಗೂ ಹಾಗೇ ಆಗ್ತಿತ್ತಂತೆ."

ಅಷ್ಟು ಸಾಕಿತ್ತು ನನಗೆ. ಅವನ ಬುರುಡೆಯನ್ನ ನೆಟ್ಟಗೇ ಹೊಲಿದುಕೊಟ್ಟೆ.

ಅಳಿಯನಂತೂ ನೆಲದ ಮೇಲೆ ಇರಲಿಲ್ಲ. ಆದರೆ ಅದೇ ಹೊತ್ತಿಗೆ ಗಂಟಲು ಕೈಕೊಟ್ಟಿತ್ತು. ಹರಾಜು ಮುಗಿಸಿ ಬಂದರೆ ಮಾತು ಗರಗಸದ ಹಾಗೆ ಬರೋದು. ಮಗಳು ಎಳೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದಳು. ಗಂಟಲಿನ ಒಳಗಿನ ತಂತುವಿನ ಮೇಲೆ ಬಾವು ಇದೆ, ಎತ್ತರದ ದನಿ ಬೇಡವೇ ಬೇಡ, ಹಟ ಮಾಡಿದರೆ ಇರೋ ದನಿಯೂ ಹೋಗುತ್ತೆ ಅಂದರು. ಇವನು ಡಾಕ್ಟರಿಗೆ ತಲೆಯಾಡಿಸಿ, ಹೊರಗೆ ಬಂದು ಮಗಳಿಗೆ ಹೇಳಿದ್ದು, "ಆ ಒಂದು ಸಂಜೆ ಹಾಡಿಬಿಟ್ಟು ಆಮೇಲೆ ಜನ್ಮವೆಲ್ಲ ಮೌನವ್ರತ ಮಾಡ್ತೀನಿ."

ಮಗಳು ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕ್ತಾಳೆ. ದಿನವೆಲ್ಲ ಉಗಿಯಲ್ಲಿ ನಿಂತು ಬರೋಳು. ಆ ಸಂಜೆ ಬಡಗಿ ಊಟಕ್ಕೆ ಬಂದಿದ್ದ. ಅವಳು ಅನ್ನ, ಆಲೂಗಡ್ಡೆ ಪಲ್ಯ ಬಡಿಸಿ, ತಾನು ಕೂರದೆ ನಿಂತೇ ಇದ್ದಳು.

ಬಡಗಿ ಮೆಲ್ಲಗೆ ಮಾತು ತೆಗೆದ. "ಒಂದು ಕೆಲಸ ಮಾಡೋಣ. ಗಿಟಾರ್ ಶ್ರುತಿ ಸ್ವಲ್ಪ ಇಳಿಸೋಣ. ತಂತಿ ಸಡಿಲ ಮಾಡಿದ್ರೆ ಹಾಡು ಹಾಗೇ ಇರುತ್ತೆ, ನೀನು ಅಷ್ಟು ಮೇಲೆ ಹೋಗೋ ಕಷ್ಟ ಇರಲ್ಲ. ವಯಸ್ಸಾದ ತಂಡಗಳೆಲ್ಲ ಮಾಡೋದೇ ಇದು. ಯಾರಿಗೂ ಗೊತ್ತಾಗಲ್ಲ."

ಅಳಿಯ ತುತ್ತು ಕೆಳಗಿಟ್ಟ. "ಯಾರಿಗೆ ಗೊತ್ತಾಗಲ್ಲ?"

"ಕೇಳೋರಿಗೆ."

"ನನಗೆ ಗೊತ್ತಾಗುತ್ತಲ್ಲೋ! ಆ ಹಾಡು ಇರೋ ಎತ್ತರದಲ್ಲೇ ಹಾಡ್ತೀನಿ. ಆಗಲ್ಲ ಅಂದ್ರೆ ಹಾಡಲ್ಲ. ಇಳಿಸಿ ಹಾಡೋಕೆ ನಾನೇನು ಹೆಣಾನಾ?"

"ಹೆಣ ಅಲ್ಲದೆ ಇರೋದಕ್ಕೇ ಹೇಳ್ತಿರೋದು," ಅಂದಳು ಮಗಳು. "ಗಂಟಲು ಹೋದ್ರೆ ನಾಳೆ ಹರಾಜಿನ ಪೆಟ್ಟಿಗೆ ಮೇಲೆ ಯಾರು ನಿಲ್ಲೋದು? ನಾನಾ?"

"ನಿಂತ್ಕೋ. ನಿನ್ನ ಬಾಯಿ ಏನು ಕಡಿಮೆ?"

ಬಡಗಿ ನಕ್ಕ. ಮಗಳು ನಗಲಿಲ್ಲ. ಪಾತ್ರೆಗಳನ್ನ ತೊಟ್ಟಿಯಲ್ಲಿ ಎತ್ತಿ ಹಾಕಿದ ಸದ್ದಿಗೆ ಡ್ರಮ್ಮಿನವನೇ ನಾಚಬೇಕಿತ್ತು.

ಅದಾದ ಮೇಲೆ ಒಂದು ಮಧ್ಯಾಹ್ನ ನನ್ನನ್ನ ಕರ್ಕೊಂಡು ಬಡಗಿಯ ಶೆಡ್ಡಿಗೆ ಹೋದಳು. ನನ್ನ ಮೆಷಿನ್ನಿನ ಸ್ಟೂಲಿನ ಕಾಲು ಅಲ್ಲಾಡ್ತಿತ್ತು, ಅದನ್ನ ಕೂರಿಸಿಕೊಡಲಿ ಅಂತ. ಅವನು ಕಾಲು ಕೂರಿಸುವಷ್ಟರಲ್ಲಿ ಇವಳು ಅವನ ತಲೆಯಲ್ಲಿ ಇದನ್ನ ಕೂರಿಸಿದಳು.

"ಹೇಳದೆ ಇಳಿಸಿಬಿಡಿ."

"ಅಯ್ಯೋ, ಅವನು ನನ್ನ ಕೊಂದುಹಾಕ್ತಾನೆ."

"ಗೊತ್ತಾದ್ರೆ ತಾನೇ? ಅವರೇನು ಗಿಟಾರ್ ಮುಟ್ತಾರಾ? ಸ್ವಲ್ಪ ಸ್ವಲ್ಪವಾಗಿ ಇಳಿಸಿ."

ಬಡಗಿ ಮರದ ಹೊಟ್ಟು ಊದುತ್ತ ಯೋಚಿಸಿದ. "ಈ ವಾರ ಅರ್ಧ ಸ್ವರ, ಬರೋ ವಾರ ಇನ್ನರ್ಧ... ಹಾಡೋನ ಕಿವಿ ಗಿಟಾರ್ ಹಿಂದೇನೇ ಹೋಗುತ್ತೆ. ಆಗಬಹುದು. ಆದ್ರೆ ಹುಡುಗಿ?"

"ಅವಳಿಗೆ ನಾನು ಹೇಳ್ತೀನಿ."

ನನಗೆ ತಡೆಯೋಕಾಗಲಿಲ್ಲ. "ಲೇ, ಅವನಿಗೆ ಇಷ್ಟ ಇಲ್ಲ ಅಂತ ಎದುರಿಗೇ ಹೇಳಿದಾನೆ. ಕದ್ದು ಮಾಡೋದು ಬೇಡ. ಜಗಳ ಆಡು, ಅಳು, ಊಟ ಬಿಡು, ಏನಾದ್ರೂ ಮಾಡು. ಇದು ಬೇಡ."

"ಅಮ್ಮ, ನೀನು ಒಂದು ದಿನಕ್ಕಾದ್ರೂ ನನ್ನ ಪರ ಮಾತಾಡು. ಇಷ್ಟು ವರ್ಷ ಅವರ ಹಾಡಿಗೆ ಮೂಗು ಮುರಿದಿದ್ದು ನೀನೇ ಅಲ್ವಾ?"

ಅದೂ ನಿಜವೇ. ಅವನ ಹಾಡು ಚೆನ್ನಾಗಿದೆ ಅಂತ ನಾನು ಯಾವತ್ತೂ ಅಂದವಳಲ್ಲ. ಸೊಸೆಯೋ ಮಗಳೋ, ಸಾರಿ ಸಾರಿ ಬುದ್ಧಿ ಹೇಳೋ ಮುದುಕಿ ಯಾರಿಗೂ ಬೇಡ. ಬಾಯಿಗೆ ಬೀಗ ಹಾಕಿಕೊಂಡೆ.

ಮೊಮ್ಮಗಳು ಒಪ್ಪೋಕೆ ಎರಡು ದಿನ ತಗೊಂಡಳು. "ಅಪ್ಪನಿಗೆ ಮೋಸ ಅಲ್ವಾ ಇದು?" ಅಂತ ಅಡುಗೆಮನೆಯಲ್ಲಿ ಅಮ್ಮನ ಜೊತೆ ಪಿಸುಮಾತಿನಲ್ಲೇ ಜಗಳವಾಡಿದಳು. ಮಗಳು ಕೊನೆಗೆ ಒಂದೇ ಮಾತು ಹೇಳಿದಳು: "ಮೋಸ ಬೇಕಾ, ಮೂಗ ಅಪ್ಪ ಬೇಕಾ?" ಹುಡುಗಿ ಬೇಸ್ ಗಿಟಾರಿನ ತಂತಿ ಸಡಿಲ ಮಾಡೋಕೆ ಕೂತಳು.

ಆಮೇಲೆ ನಡೆದದ್ದನ್ನ ನೋಡಬೇಕಿತ್ತು ನೀವು. ಅಭ್ಯಾಸ ನಡೀತಿದ್ದದ್ದು ಟೈರಿನವನ ಗೋದಾಮಿನಲ್ಲಿ. ಮೊದಲ ವಾರ ಇವನು ಸುಸ್ತಾಗಿ, ಕೆಮ್ಮುತ್ತ ಬರೋನು. ಎರಡನೇ ವಾರ ಸ್ವಲ್ಪ ಸುಲಭ ಆಯ್ತು ಅಂದ. ಮೂರನೇ ವಾರ ಬಾಗಿಲಲ್ಲೇ ಕೂಗಿಕೊಂಡು ಒಳಗೆ ಬಂದ.

"ಏನೇ, ಕೇಳಿದ್ಯಾ? ಗಂಟಲು ಬಿಟ್ಕೊಂಡಿದೆ! ಆ ಮೇಲಿನ ಸ್ವರ ಸಲೀಸಾಗಿ ಏರ್ತಿದೆ. ಹರೆಯದಲ್ಲಿ ಹೇಗಿತ್ತೋ ಹಾಗೆ!"

"ನಾನು ಹೇಳಲಿಲ್ವಾ, ವಿಶ್ರಾಂತಿ ತಗೊಂಡ್ರೆ ಸರಿಹೋಗುತ್ತೆ ಅಂತ," ಅಂದಳು ಮಗಳು, ಅವನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕುತ್ತ.

"ಡಾಕ್ಟರಂತೆ ಡಾಕ್ಟರು. ಅವನಿಗೇನು ಗೊತ್ತು? ಕಬ್ಬಿಣ ತುಕ್ಕು ಹಿಡಿದಿತ್ತು ಅಷ್ಟೇ, ಉಜ್ಜಿದ್ರೆ ಹೊಳೆಯುತ್ತೆ."

ದಿನಾ ರಾತ್ರಿ ಬಿಸಿನೀರಿನ ಹಬೆ ತಗೊಳ್ತಿದ್ದವನು ಅದನ್ನ ಬಿಟ್ಟ. ಗಂಟಲಿನ ಔಷಧಿ ಕಪಾಟಿನ ಹಿಂದೆ ಹೋಯ್ತು. ಮಾರುಕಟ್ಟೆಯಲ್ಲೂ ಎಲ್ಲರಿಗಿಂತ ಜೋರಾಗಿ ಕೂಗೋಕೆ ಹತ್ತಿದ. ಒಂದು ಸಂಜೆ ಮಗಳು ಹೇಳಿದಳು, "ಸ್ವಲ್ಪ ನಿಧಾನ ರೀ." ಅವನು ಅವಳ ಸೊಂಟ ಹಿಡಿದು ಅಡುಗೆಮನೆಯಲ್ಲಿ ಒಂದು ಸುತ್ತು ತಿರುಗಿಸಿದ. "ನಿಜ ಹೇಳು, ನಿನ್ನೆ ಗೋದಾಮಿಗೆ ಬಂದಿದ್ಯಲ್ಲ, ಹೇಗಿತ್ತು?"

"ಚೆನ್ನಾಗಿತ್ತು. ದಿನದಿಂದ ದಿನಕ್ಕೆ ಚೆನ್ನಾಗ್ತಿದೆ."

ಅವಳು ನಗುತ್ತಲೇ ಹೇಳಿದಳು. ಮೊಮ್ಮಗಳು ತಟ್ಟೆ ಎತ್ತಿಕೊಂಡು ಎದ್ದು ಹೋದಳು. ಅರ್ಧ ಅನ್ನ ಹಾಗೇ ಇತ್ತು. ಏಣಿ ಹತ್ತಿಸಿ ಏಣಿ ತೆಗೆಯೋರನ್ನ ಕಂಡಿದ್ದೇನೆ. ಏಣಿಯನ್ನೇ ಗುಟ್ಟಾಗಿ ಗಿಡ್ಡ ಮಾಡಿ, ನೀನು ಉದ್ದ ಆದೆ ಅಂತ ಹೇಳೋರನ್ನ ನೋಡಿದ್ದು ಇದೇ ಮೊದಲು.

ಎಲ್ಲ ಲೆಕ್ಕ ಹಾಕಿದ್ದರು, ಒಂದನ್ನ ಬಿಟ್ಟು. ಅವರ ಮೊದಲ ಹಾಡು ಶುರುವಾಗೋದು ಬರೀ ಕೂಗಿನಿಂದ. ಗಿಟಾರಿಲ್ಲ, ಡ್ರಮ್ಮಿಲ್ಲ. ಕತ್ತಲಲ್ಲಿ ಇವನೊಬ್ಬನ ದನಿ ಕೆಳಗಿಂದ ಎದ್ದು ಮೇಲೆ ಹೋಗಿ ಅಲ್ಲೇ ನಿಲ್ಲಬೇಕು. ಅದು ನಿಂತಿರುವಾಗಲೇ ಗಿಟಾರುಗಳು ಒಟ್ಟಿಗೆ ಬಂದು ಬೀಳಬೇಕು. ಹರೆಯದಿಂದಲೂ ಆ ಕೂಗನ್ನ ಇವನು ಅಭ್ಯಾಸದಲ್ಲಿ ಕೂಗಿದವನೇ ಅಲ್ಲ. ಗೋದಾಮಿನಲ್ಲಿ ಖರ್ಚು ಮಾಡಿದರೆ ವೇದಿಕೆಗೆ ಉಳಿಯಲ್ಲ ಅನ್ನೋದು ಅವನ ನಂಬಿಕೆ. ಆ ಜಾಗ ಬಂದಾಗ ಟೈರಿನವನು ಕೋಲಿಗೆ ಕೋಲು ತಟ್ಟಿ ಎಣಿಸೋನು, ನೇರ ಗಿಟಾರಿನಿಂದ ಶುರು ಮಾಡೋರು. ಹಾಗೇ ರೂಢಿಯಾಗಿಬಿಟ್ಟಿತ್ತು. ರೂಢಿ ಅಂದಮೇಲೆ ಯಾರು ಅದರ ಬಗ್ಗೆ ಯೋಚಿಸ್ತಾರೆ?

ಹಾಡುವ ದಿನ ಬಂತು, ಆ ಸಂಜೆ ನಾವೆಲ್ಲ ಹೋದೆವು. ಹಿಂದೆ ಹತ್ತಿ ಗೋದಾಮಾಗಿದ್ದ ಹಾಲ್ ಅದು. ಒಳಗೆ ಕಾಲಿಡೋಕೆ ಜಾಗ ಇಲ್ಲ. ನನ್ನ ಹೊಲಿಗೆ ಹೊತ್ತ ಬೆನ್ನುಗಳೇ ಎಲ್ಲಿ ನೋಡಿದರೂ. ಬೋಳು ತಲೆಯ ಅಪ್ಪಂದಿರು, ಪಕ್ಕದಲ್ಲಿ ಅವರ ಮಕ್ಕಳು, ಇಬ್ಬರಿಗೂ ಒಂದೇ ಬಿಲ್ಲೆ. ಮೇಷ್ಟ್ರು ನನಗೊಂದು ಕುರ್ಚಿ ತಂದುಕೊಟ್ಟ. ದಾದಿ ಹುಡುಗಿ ಕಿವಿಗೆ ಇಡೋಕೆ ಹತ್ತಿ ಕೊಟ್ಟಳು.

"ಬೇಡಮ್ಮ," ಅಂದೆ. "ನೂರು ಮೆಷಿನ್ನಿನ ಸದ್ದಿನಲ್ಲಿ ಪಕ್ಕದವಳ ಚಾಡಿ ಕೇಳಿಸಿಕೊಂಡ ಕಿವಿ ಇದು."

ವೇದಿಕೆಯ ಹಿಂದಿನ ಓಣಿಯಲ್ಲಿ ಇವನು ಗೋಡೆಗೆ ಮುಖ ಮಾಡಿ ನಿಂತಿದ್ದ. ರೆಕಾರ್ಡ್ ಅಂಗಡಿಯವಳು ಆ ಕ್ಯಾಸೆಟ್ಟಿನಿಂದ ಹೊಸದಾಗಿ ಮಾಡಿಸಿದ ಹಳೇ ಹಾಡನ್ನ ಇಯರ್‌ಫೋನಿನಲ್ಲಿ ಅವನ ಕಿವಿಗೆ ಹಾಕಿದ್ದಳು. ಎಷ್ಟೋ ವರ್ಷದ ಮೇಲೆ ತನ್ನದೇ ಹರೆಯದ ದನಿ ಕೇಳ್ತಿದ್ದ. ಕಣ್ಣು ಮುಚ್ಚಿದ್ದ, ತುಟಿ ಅಲ್ಲಾಡ್ತಿತ್ತು. ಕೂಗಿನ ಎತ್ತರವನ್ನ ಅಲ್ಲಿಂದಲೇ ಎತ್ತಿಕೊಂಡ. ಮಗಳು ಅವನ ಕಾಲರ್ ಸರಿ ಮಾಡಿ ಹಾರೈಸಿ ಬಂದು ನನ್ನ ಪಕ್ಕ ನಿಂತಳು. ಆ ಹಾಡಿಗೂ ಬಡಗಿಯ ಗಿಟಾರಿಗೂ ಈಗ ಒಂದು ಪೂರ್ತಿ ಸ್ವರದ ಅಂತರ ಇದೆ ಅನ್ನೋದು ಅವಳ ತಲೆಗೆ ಹೊಳೆಯಲೇ ಇಲ್ಲ. ನನಗೂ ಹೊಳೆಯಲಿಲ್ಲ.

ದೀಪ ಆರಿತು. ಜನ ಗಪ್ಪಾದರು. ಅವನು ಕೂಗಿದ.

ಏನು ಹೇಳಲಿ! ಮೂವತ್ತು ವರ್ಷ ಆ ಗಂಟಲನ್ನ ಬಯ್ದವಳು ನಾನು. ಕೆಳಗಿಂದ ಎದ್ದು, ಎದ್ದು, ಇನ್ನೇನು ಮುಗೀತು ಅಂದುಕೊಂಡಾಗ ಮತ್ತೂ ಮೇಲೆ ಹೋಗಿ, ಅಲ್ಲಿ ನಿಂತುಬಿಟ್ಟಿತು. ಒಂದು ಎಳೆ ನಡುಗಲಿಲ್ಲ. ನನ್ನ ಮೈಮೇಲೆ ಮುಳ್ಳೆದ್ದವು. ಪಕ್ಕದಲ್ಲಿದ್ದ ಮೇಷ್ಟ್ರು ಅಳ್ತಿದ್ದ. ಜನ ಹುಚ್ಚೆದ್ದು ಕೈ ಎತ್ತಿದರು.

ಆಗ ಗಿಟಾರುಗಳು ಬಂದವು.

ಸಂಗೀತ ಗೊತ್ತಿರೋದು ಬೇಡ, ಯಾರಿಗಾದರೂ ತಿಳಿಯುತ್ತೆ. ಅಳತೆ ತಪ್ಪಿದ ಎರಡು ತುಂಡು ಬಟ್ಟೆಯನ್ನ ಎಳೆದು ಹೊಲಿದ ಹಾಗೆ. ಅವನು ಮೇಲೆ, ಅವರು ಕೆಳಗೆ. ಇವನು ಬೆಚ್ಚಿ ಕಿವಿಗೆ ಕೈ ಇಟ್ಟುಕೊಂಡು ಬಡಗಿ ಕಡೆ ನೋಡಿದ. ಬಡಗಿ ತನ್ನ ಬೆರಳು ನೋಡಿಕೊಂಡ. ಮೊಮ್ಮಗಳು ತಲೆ ಎತ್ತಲಿಲ್ಲ. ಇಬ್ಬರೂ ಒಂದೇ ಕಡೆ ಇದ್ದಮೇಲೆ ತಪ್ಪಿದ್ದು ತಾನೇ ಅಂದುಕೊಂಡ ಅವನು. ಇಳಿದು ಹುಡುಕಿದ, ಸಿಗಲಿಲ್ಲ. ಮತ್ತೆ ಮೇಲಕ್ಕೆ ನೂಕಿದ, ದನಿ ಚಟ್ಟಂತ ಒಡೆಯಿತು. ಹಿಂದೆ ಯಾರೋ ನಕ್ಕರು. ಆ ಹುಡುಗ ಹುಡುಗಿಯರು ಒಳ್ಳೆಯವರು, ಪಲ್ಲವಿಯನ್ನ ತಾವೇ ಎತ್ತಿಕೊಂಡು ಗಟ್ಟಿಯಾಗಿ ಹಾಡಿ ಅವನನ್ನ ಮುಚ್ಚಿಟ್ಟರು. ಅದು ನಗೋದಕ್ಕಿಂತ ಕೆಟ್ಟದಾಗಿತ್ತು. ಮಿಕ್ಕ ಹಾಡುಗಳನ್ನೂ ಅವನು ಬಿಡದೆ ಹಾಡಿದ. ನಂಬಿಕೆ ಹೋದ ಗಂಟಲನ್ನ ಬರೀ ಹಟದಿಂದ ಹಿಂಡಿ ಹಿಂಡಿ ಹಾಡಿದ. ಮುಗಿಯುವಾಗ ಗಾಳಿ ಮಾತ್ರ ಬರ್ತಿತ್ತು.

ಮನೆಗೆ ಬರುವಾಗ ಗಾಡಿಯಲ್ಲಿ ಒಂದೇ ಮಾತು ಆಡಿದ. "ಗಂಟಲು ಸರಿ ಇತ್ತು. ಕಿವಿ ಹೋಗಿದೆ ನನಗೆ."

ಮೊಮ್ಮಗಳು ಗಿಟಾರಿನ ಚೀಲವನ್ನ ಇನ್ನಷ್ಟು ಹತ್ತಿರ ಎಳೆದುಕೊಂಡಳು.

ಮಾರನೇ ದಿನದಿಂದ ದನಿ ಸೋರಿಹೋಗಿತ್ತು. ಮಾರುಕಟ್ಟೆಯವರು ಪೆಟ್ಟಿಗೆಯಿಂದ ಇಳಿಸಿ ತೂಕದ ತಕ್ಕಡಿ ಹತ್ತಿರ ಕೂರಿಸಿದರು, ಸರಿಹೋಗೋ ತನಕ ಅಂತ. ಅವನು ಎದುರು ಹೇಳಲಿಲ್ಲ. ಆ ಒಡೆದ ಕೂಗು ಯಾರದೋ ಫೋನಿನಿಂದ ಊರೆಲ್ಲ ತಿರುಗಿತು. ತಕ್ಕಡಿ ಹತ್ತಿರ ಹಮಾಲರು ಅದನ್ನ ಹಾಕಿಕೊಂಡು ನಗ್ತಿದ್ದರಂತೆ, ಅವನೇ ಬಂದು ಹೇಳಿದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರಲ್ಲ, ಹಾಗಾಯ್ತು. ರೆಕಾರ್ಡ್ ಅಂಗಡಿಯವಳು ಮಾತ್ರ ಬಿಡಲಿಲ್ಲ. "ಒಂದು ಸಲ ತಪ್ಪೋದು ಯಾರಿಗಿಲ್ಲ? ಇನ್ನೊಂದು ಊರಲ್ಲಿ ಕರೀತಿದಾರೆ, ಬನ್ನಿ," ಅಂತ ಎರಡು ಸಲ ಬಂದಳು. ಇವನು ಚಹಾ ಕೊಟ್ಟು ಕಳಿಸಿದ.

"ಕಿವಿ ಇಲ್ಲದೋನು ಹಾಡಬಾರದಮ್ಮ," ಅಂದ ಅವಳಿಗೆ.

ಮಗಳು ಒಳಗೊಳಗೇ ನಿರಾಳ ಆಗಿದ್ದಳು, ಸುಳ್ಳು ಯಾಕೆ. ಹಾಡು ಬಿಟ್ಟನಲ್ಲ, ಗಂಟಲು ಉಳಿಯುತ್ತೆ ಅಂತ. ಔಷಧಿ ಮತ್ತೆ ಮುಂದೆ ಬಂತು, ಹಬೆಯ ಪಾತ್ರೆ ಮತ್ತೆ ಒಲೆ ಏರಿತು. ಮೊಮ್ಮಗಳಿಗೆ, ಬಡಗಿಗೆ, ಎಲ್ಲರಿಗೂ ಅವಳ ಕಟ್ಟಪ್ಪಣೆ: ಯಾರೂ ಬಾಯಿ ಬಿಡಬಾರದು.

ಎರಡು ವಾರ ಕಳೀತು. ಒಂದು ಸಂಜೆ ಸೂಪು, ಬ್ರೆಡ್ಡು ತಿಂತಾ ಕೂತಿದ್ದೆವು. ಹೊರಗೆ ಯಾವನೋ ಹೋಗ್ತಾ ಹೋಗ್ತಾ ಅವರದೇ ಹಾಡು ಶಿಳ್ಳೆ ಹಾಕಿದ. ಇವನು ಚಮಚ ಹಿಡಿದುಕೊಂಡು ಕೇಳಿ, "ಇವನು ಸರಿಯಾದ ಶ್ರುತಿಯಲ್ಲಿ ಇದಾನಾ?" ಅಂತ ಮೊಮ್ಮಗಳನ್ನ ಕೇಳಿದ. ನಿಜವಾಗಿಯೂ ಗೊತ್ತಿಲ್ಲದವನ ಹಾಗೆ, ಮಗುವಿನ ಹಾಗೆ ಕೇಳಿದ.

ಮೊಮ್ಮಗಳು ಬ್ರೆಡ್ಡು ಕೆಳಗೆ ಹಾಕಿದಳು. "ಅಪ್ಪ, ನಿಮ್ಮ ಕಿವಿ ಸರಿಯಾಗಿದೆ. ನಾವು ಶ್ರುತಿ ಇಳಿಸಿದ್ವಿ."

"ಏಯ್!" ಅಂದಳು ಮಗಳು.

"ಒಂದು ಪೂರ್ತಿ ಸ್ವರ ಅಪ್ಪ. ಎರಡನೇ ವಾರದಿಂದ ಸ್ವಲ್ಪ ಸ್ವಲ್ಪವಾಗಿ. ನಿಮ್ಮ ಕೂಗು ಸರಿ ಇತ್ತು, ನಾವು ಕೆಳಗಿದ್ವಿ."

ಅವನು ಮೇಜು ಗುದ್ದಿ ನಕ್ಕುಬಿಟ್ಟ. "ಹಾಗಾದ್ರೆ ನಾನೇ ಸರಿ! ಅಷ್ಟೂ ಜನರಲ್ಲಿ ನಾನೊಬ್ಬನೇ ಸರಿ!" ಸೂಪು ಚೆಲ್ಲಿತು. ಆ ಖುಷಿ ಸೂಪು ಒರೆಸುವಷ್ಟು ಹೊತ್ತೂ ಬಾಳಲಿಲ್ಲ. ಮುಖ ಇಳಿಯಿತು.

"ಅಂದ್ರೆ... ಗಂಟಲು ಬಿಟ್ಕೊಂಡಿದ್ದು?"

ಮೊಮ್ಮಗಳು ಅಳೋಕೆ ಶುರು ಮಾಡಿದಳು. ಅವನು ಹೆಂಡತಿ ಕಡೆ ತಿರುಗಿದ.

"ಯಾರ ಬುದ್ಧಿ ಇದು?"

"ನಂದೇ," ಅಂದಳು ಮಗಳು. ಹೆದರುವವಳಲ್ಲ ಅವಳು. "ಹೇಳಿದ್ರೆ ನೀವು ಕೇಳ್ತಿದ್ರಾ?"

"ಇಲ್ಲ."

"ಮತ್ತೆ? ಡಾಕ್ಟರು ಹೇಳಿದ್ದು ನಿಮ್ಮ ಒಂದು ಕಿವಿಗೂ ಹೋಗಲಿಲ್ಲ. ನಿಮಗೇನು, ಕತ್ತಿ ಹಿಡಿದು ಕುದುರೆ ಏರಿಬಿಡ್ತೀರಿ. ಮನೆಯಲ್ಲಿ ಮೂರು ಹೆಂಗಸರು ಕೆಳಗೆ ನಿಂತು ನೋಡ್ತಾ ಇರಬೇಕು. ನನ್ನ ಕೈ ನೋಡಿ, ಉಗಿಗೆ ಸುಟ್ಟು ಸುಟ್ಟು ಚರ್ಮ ಹೇಗಾಗಿದೆ. ಇನ್ನೆಷ್ಟು ವರ್ಷ ಎಳೀಲಿ ಒಬ್ಬಳೇ?"

"ಆದ್ರೂ ಹೇಳಬೇಕಿತ್ತು."

"ಹೇಳಿದ್ವಲ್ಲ! ಇದೇ ಮೇಜಿನ ಮುಂದೆ!"

"ಅಡುಗೆಮನೆಯಲ್ಲಿ, ದಿನದಿಂದ ದಿನಕ್ಕೆ ಚೆನ್ನಾಗ್ತಿದೆ ಅಂದ್ಯಲ್ಲ," ಅಂದ ಅವನು. "ನಗ್ತಾ ಇದ್ದೆ ನೀನು. ನಾನು ಕುಣೀತಿದ್ದೆ."

"ನಿಮ್ಮನ್ನ ನೋಡಿ ಖುಷಿಯಾಗಿ ನಕ್ಕೆ ಕಣ್ರೀ. ನನ್ನಾಣೆಗೂ."

"ಇರಬಹುದು. ನನಗೆ ಹೇಗೆ ಗೊತ್ತಾಗಬೇಕು ಇನ್ನು?"

ಅವಳು ಸೆರಗೋ ಒರೆಸುವ ಬಟ್ಟೆಯೋ, ಕೈಗೆ ಸಿಕ್ಕಿದ್ದನ್ನ ಮುಖಕ್ಕೆ ಒತ್ತಿಕೊಂಡು ಒಳಗೆ ಹೋದಳು. ಆ ರಾತ್ರಿ ಯಾರೂ ಊಟ ಪೂರ್ತಿ ಮಾಡಲಿಲ್ಲ.

ಭಾನುವಾರ ಅವನೇ ಬಡಗಿಗೂ ಟೈರಿನವನಿಗೂ ಹೇಳಿ ಕಳಿಸಿದ. ಬಯ್ಯಲಿಲ್ಲ, ಹೊಡೆಯಲಿಲ್ಲ. ನನ್ನ ಮೆಷಿನ್ ಇರೋ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ, "ತಂತಿ ಬಿಗಿ ಮಾಡು. ಹಳೇ ಎತ್ತರಕ್ಕೆ," ಅಂದ. ಬಡಗಿ ಕಳ್ಳನ ಹಾಗೆ ತಲೆ ತಗ್ಗಿಸಿ ಬಿಗಿ ಮಾಡಿದ. ಇವನು ಈ ಸಲ ಅವನ ಪಕ್ಕದಲ್ಲೇ ಕೂತು, ಒಂದೊಂದು ತಂತಿಯನ್ನೂ ಕಿವಿಗೊಟ್ಟು ಕೇಳಿದ. ಇನ್ನೊಂದು ಊರಿನವರು ಕರೀತಿದಾರಲ್ಲ, ಆ ಕೂಗು ಬಂದರೆ ಹೋಗೋದು, ಬರದಿದ್ದರೆ ಇಲ್ಲ. ಅದು ಇವತ್ತು ಇಲ್ಲೇ ತೀರ್ಮಾನ ಆಗಬೇಕು ಅಂದ. ಅಭ್ಯಾಸದಲ್ಲಿ ಯಾವತ್ತೂ ಕೂಗದವನು, ಹಗಲು ಹೊತ್ತಿನಲ್ಲಿ, ಒಗೆದ ಬಟ್ಟೆ ನೇತುಹಾಕಿದ ಕೋಣೆಯಲ್ಲಿ ಎದ್ದು ನಿಂತ.

ಕೂಗಿದ. ಕೆಳಗಿಂದ ಎದ್ದಿತು. ಸ್ವಲ್ಪ ದೂರ ಹೋಯ್ತು. ಆಮೇಲೆ ಅಲ್ಲಿ ಏನೂ ಇರಲಿಲ್ಲ. ಬಾಯಿ ತೆರೆದಿತ್ತು, ಕತ್ತಿನ ನರ ಉಬ್ಬಿತ್ತು, ದನಿ ಮಾತ್ರ ಹರಕು ಚೂರುಗಳಾಗಿ ಬಿತ್ತು.

"ಚೆನ್ನಾಗಿತ್ತು ರೀ!" ಅಂದಳು ಮಗಳು ತಕ್ಷಣ. "ಇನ್ನೂ ಹುಷಾರಾಗಿಲ್ಲ ಅಲ್ವಾ, ಇಷ್ಟು ಬಂದಿದ್ದೇ ಹೆಚ್ಚು."

"ಹೌದು ಹೌದು, ಬರ್ತಿದೆ ಕಣೋ," ಅಂದ ಬಡಗಿ.

ಅವನು ಇಬ್ಬರನ್ನೂ ನೋಡಿದ. ಮೊಮ್ಮಗಳ ಮುಖ ನೋಡಿದ, ಅವಳು ನೆಲ ನೋಡ್ತಿದ್ದಳು. ಕೊನೆಗೆ ನನ್ನ ಕಡೆ ತಿರುಗಿದ.

"ಅತ್ತೆ, ನೀವು ಹೇಳಿ. ನೀವು ಯಾವತ್ತೂ ನನ್ನ ಮುಖಸ್ತುತಿ ಮಾಡಿದೋರಲ್ಲ. ಇತ್ತಾ?"

ಅವನ ಬೆನ್ನ ಹಿಂದೆ ಮಗಳು ನಿಂತಿದ್ದಳು. ನನಗೆ ಕೈ ಮುಗಿದಳು. ಇತ್ತು ಅನ್ನು ಅಮ್ಮ, ಅಂತ ತುಟಿಯಲ್ಲೇ ಹೇಳಿದಳು. ಸುಳ್ಳು ನನ್ನ ನಾಲಿಗೆ ತುದಿಗೆ ಬಂದಿತ್ತು, ದೇವರಾಣೆ. ಆದರೆ ಈ ಮನೆಯಲ್ಲಿ ಅವನು ನಂಬಿ ಕೇಳೋಕೆ ಇನ್ನು ಉಳಿದಿದ್ದವಳು ನಾನೊಬ್ಬಳೇ.

"ಇಲ್ಲಪ್ಪ," ಅಂದೆ. "ಇರಲಿಲ್ಲ."

ಅವನು ತಲೆಯಾಡಿಸಿದ. "ಅವತ್ತು ಹಾಲಿನಲ್ಲಿ?"

"ಅವತ್ತು ಇತ್ತು. ಪೂರ್ತಿ ಇತ್ತು. ನನ್ನ ಮೈ ನಡುಗಿತು."

"ಗಿಟಾರ್ ಬರೋ ತನಕ."

"ಹೂಂ. ಗಿಟಾರ್ ಬರೋ ತನಕ."

ಅವನು ಬಡಗಿಯ ಭುಜ ತಟ್ಟಿ, ನನ್ನ ಸ್ಟೂಲಿನ ಮೇಲೆ ಕೂತ. ಹೆಂಡತಿ ಕಡೆ ನೋಡಿ ಏನೋ ಹೇಳಿದ. ತುಟಿ ಅಲ್ಲಾಡಿದ್ದು ಎಲ್ಲರಿಗೂ ಕಾಣಿಸಿತು, ದನಿ ಹೊರಡಲಿಲ್ಲ.

"ಏನಂದ್ರಿ?" ಅಂತ ಅವಳು ಹತ್ತಿರ ಬಂದು ಬಗ್ಗಿದಳು.

ಅವನು ಮತ್ತೆ ಹೇಳಿದ.

"ಏನ್ರೀ? ಕೇಳಿಸ್ತಿಲ್ಲ," ಅಂದಳು ಮಗಳು.

ಕೊನೆಗೆ ಅವನು ಕೈಯಲ್ಲೇ ತಟ್ಟೆಯ ಆಕಾರ ಮಾಡಿ, ಬಾಯಿಗೆ ತುತ್ತು ಇಡೋ ಸನ್ನೆ ಮಾಡಿದ. ಅವಳು ಊಟ ಬಡಿಸೋಕೆ ಒಳಗೆ ಹೋದಳು.